ಕೀಲು ಕೂತ ಮೇಲೆ

ಅಣ್ಣನ ಮಗಳು ಹಾಸನದಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ಕಂಕುಳಲ್ಲಿ ಎರಡೂಮುಕ್ಕಾಲು ವರ್ಷದ ಮಗು, ಇನ್ನೊಂದು ಕೈಯಲ್ಲಿ ಎಕ್ಸ್-ರೇಗಳ ದೊಡ್ಡ ಕವರು. ನಾನು ಮೂಳೆ ವೈದ್ಯನ ಕೆಲಸದಿಂದ ನಿವೃತ್ತನಾಗಿ ಕೆಲವು ವರ್ಷಗಳಾದವು. ಮಗುವನ್ನು ಹಜಾರದಲ್ಲಿ ಆಡಲು ಬಿಟ್ಟು ನಾವಿಬ್ಬರೂ ಕಿಟಕಿಯ ಬಳಿ ಕೂತೆವು. ಇಂಥದೇ ಕವರು ಹಿಡಿದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವ ಬೇರೆ ತಾಯಿತಂದೆಯರಿಗೂ ಬೇಕಾದೀತೆಂದು, ಅವಳನ್ನು ಕೇಳಿಯೇ ಆ ದಿನದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ.

ಅವಳು: ಚಿಕ್ಕಪ್ಪಾ, ಮೊದಲು ಒಂದೇ ಮಾತು ಹೇಳಿಬಿಡಿ. ಇವಳ ಮೂಳೆ ಸತ್ತಿದೆಯಾ? ಮೊನ್ನೆ ಎಕ್ಸ್-ರೇ ನೋಡಿದ ಡಾಕ್ಟರು ‘ಎವಿಎನ್ ಆಗಿದೆ, ಮೂಳೆಗೆ ರಕ್ತ ಸರಿಯಾಗಿ ಹೋಗಿಲ್ಲ’ ಅಂದರು. ಮನೆಗೆ ಬಂದು ಫೋನಿನಲ್ಲಿ ಹುಡುಕಿದೆ. ಎಲ್ಲಿ ನೋಡಿದರೂ ಸತ್ತ ಮೂಳೆ ಅಂತಲೇ ಇತ್ತು. ಎರಡು ರಾತ್ರಿ ಕಣ್ಣು ಮುಚ್ಚಿಲ್ಲ.

ನಾನು: ಕವರು ಇಲ್ಲಿ ಕೊಡು. ಯಾವುದು ಹಳೆಯದು, ಯಾವುದು ಹೊಸದು? ತಾರೀಕು ನೋಡಿ ಸಾಲಾಗಿ ಜೋಡಿಸು. ಹಾಂ, ಇದು ಮೊದಲನೆಯದು, ಒಂದು ವರ್ಷ ನಾಲ್ಕು ತಿಂಗಳಿದ್ದಾಗ ತೆಗೆದದ್ದು. ಬಲಗಡೆ ತೊಡೆಮೂಳೆಯ ದುಂಡು ತಲೆ, ಗುಂಡು ಅನ್ನೋಣ, ಸೊಂಟದ ಬಟ್ಟಲಿನೊಳಗೆ ಕೂತಿದೆ, ಎಡಗಡೆಯದು ಮೇಲಕ್ಕೆ, ಹೊರಕ್ಕೆ ಜಾರಿದೆ. ಇದು ಕೀಲು ಕೂರಿಸಿ ಪಿಓಪಿ ಪ್ಲಾಸ್ಟರ್ ಹಾಕಿದ ಮೇಲಿನದು. ಇನ್ನು ಇದು ಮೊನ್ನೆಯದು. ಬೆಳಕಿಗೆ ಹಿಡಿ. ಬಲಗಡೆ ದುಂಡಗೆ ಬೆಳ್ಳಗೆ ಕಾಣುತ್ತಿದೆಯಲ್ಲ, ಅದು ಗುಂಡಿನೊಳಗೆ ಹುಟ್ಟಿಕೊಂಡ ಮೂಳೆ. ಎಡಗಡೆ ಅದೇ ಜಾಗದಲ್ಲಿ ಚಿಕ್ಕದಾಗಿ, ಎರಡು ಮೂರು ಚೂರಾಗಿ ಕಾಣುತ್ತಿದೆ. ಗುಂಡಿನ ಕೆಳಗಿನ ಮೂಳೆಯ ಕುತ್ತಿಗೆಯೂ ಸ್ವಲ್ಪ ದಪ್ಪಗಾಗಿದೆ. ನಿಮ್ಮ ಡಾಕ್ಟರು ಸರಿಯಾಗಿಯೇ ಹೇಳಿದ್ದಾರೆ ಕಣಮ್ಮ. ರಕ್ತದ ಓಟ ತಪ್ಪಿದೆ.

ಅವಳು: ಹಾಗಾದರೆ ಸತ್ತಿದೆ.

ನಾನು: ಒಂದು ಭಾಗ ಸತ್ತಿತ್ತು ಅನ್ನು. ನೀನು ಫೋನಿನಲ್ಲಿ ಓದಿದ್ದು ದೊಡ್ಡವರ ಕಾಯಿಲೆಯ ವಿಷಯ. ಕೋವಿಡ್ ಬಂದು ಸ್ಟೀರಾಯ್ಡ್ ತಗೊಂಡವರಿಗೆ ಆಗುತ್ತೆ, ಕುಡಿತ ಇದ್ದವರಿಗೆ ಆಗುತ್ತೆ. ಹೆಸರು ಅದೇ, ಆದರೆ ಗುಂಡು ಬೇರೆ. ಹುಟ್ಟಿದ ಮಗುವಿನ ತೊಡೆಮೂಳೆಯ ಗುಂಡಿನಲ್ಲಿ ಮೂಳೆಯೇ ಇರುವುದಿಲ್ಲ, ಪೂರ್ತಿ ಮೃದ್ವಸ್ಥಿ. ಮೂಗಿನ ತುದಿ ಒತ್ತಿದರೆ ಕೈಗೆ ಸಿಗುತ್ತಲ್ಲ, ಆ ಜಾತಿಯದು. ಎಕ್ಸ್-ರೇಯಲ್ಲಿ ಅದು ಕಾಣುವುದೂ ಇಲ್ಲ. ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಅದರ ನಡುವೆ ಒಂದು ಚುಕ್ಕೆ ಮೂಳೆ ಹುಟ್ಟಿ, ವರ್ಷವರ್ಷಕ್ಕೆ ಹಿಗ್ಗುತ್ತಾ ಹೋಗುತ್ತೆ. ಕೀಲು ಜಾರಿದ ಕಡೆ ಆ ಚುಕ್ಕೆ ಹುಟ್ಟುವುದೇ ತಡ. ಇವಳ ಮೊದಲ ಎಕ್ಸ್-ರೇಯಲ್ಲೂ ಎಡಗಡೆಯದು ಚಿಕ್ಕದೇ ಇದೆ ನೋಡು.

ರಕ್ತ ತಪ್ಪಿದಾಗ ಸಾಯುವುದು ಮುಖ್ಯವಾಗಿ ಆ ನಡುವಿನ ಚುಕ್ಕೆ. ಸುತ್ತಲಿನ ಮೃದ್ವಸ್ಥಿಯ ಬಹುಪಾಲು ಉಳಿದುಕೊಳ್ಳಬಹುದು. ಆಮೇಲೆ ದೇಹವೇ ಸತ್ತ ಮೂಳೆಯನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿ ತೆಗೆದು, ಅದೇ ಜಾಗದಲ್ಲಿ ಹೊಸ ಮೂಳೆ ಕಟ್ಟುತ್ತೆ. ಈ ಚೂರುಚೂರು ಕಾಣುತ್ತಿರುವುದು ಆ ಕೆಲಸ ಶುರುವಾಗಿದೆ ಅನ್ನುವುದರ ಗುರುತು. ಅದಕ್ಕೇ ‘ಸತ್ತಿದೆ’ ಅಂದರೆ ಅರ್ಧ ಮಾತಾಯಿತು.

ಅವಳು: ಇನ್ನರ್ಧ?

ನಾನು: ಇನ್ನರ್ಧ ಕಷ್ಟದ್ದು, ಅದನ್ನೂ ಹೇಳುತ್ತೇನೆ. ಮೊದಲು ನಿನಗೆ ಏನೇನು ನೆನಪಿದೆ, ಹೇಳು. ಹೆರಿಗೆಯಿಂದ ಶುರುಮಾಡು.

ಅವಳು: ಮಗು ಹೊಟ್ಟೆಯಲ್ಲಿ ತಿರುಗಿರಲಿಲ್ಲ, ಕುಂಡೆ ಕೆಳಗಿತ್ತು. ಅದಕ್ಕೆ ಆಪರೇಷನ್ ಮಾಡಿ ತೆಗೆದರು. ಅಮ್ಮನ ಮನೆಯಲ್ಲಿ ಬಾಣಂತನ. ದಿನಾ ಎಣ್ಣೆ ಹಚ್ಚಿ, ನೀರೆರೆದು, ಸಾಂಬ್ರಾಣಿ ಹಾಕಿ, ಕೈಕಾಲು ನೀಟಾಗಿ ಚಾಚಿ ಬಟ್ಟೆಯಲ್ಲಿ ಸುತ್ತಿ ಮಲಗಿಸೋರು. ನೀರೆರೆಯುವ ಅಜ್ಜಿ ಒಂದೆರಡು ಸಲ ‘ಯಾಕೋ ಈ ಕಾಲು ಬಿಡಿಸಕ್ಕೆ ಬಿಗಿ ಬರುತ್ತೆ ಕಣವ್ವ’ ಅಂದಿದ್ದರು. ನಾವು ಗಮನ ಕೊಡಲಿಲ್ಲ. ವರ್ಷ ಎರಡು ತಿಂಗಳಿಗೆ ಹೆಜ್ಜೆ ಇಟ್ಟಳು. ಒಂದು ಕಡೆಗೆ ವಾಲುತ್ತಾ ನಡೀತಿದ್ದಳು. ನಡಿಗೆ ಇನ್ನೂ ಬಲಿತಿಲ್ಲ ಅಂದರು ಎಲ್ಲರೂ. ಎರಡು ತಿಂಗಳು ಕಾದು ತೋರಿಸಿದೆವು. ಅರಿವಳಿಕೆ ಕೊಟ್ಟು, ತೊಡೆಸಂದಿಯಲ್ಲಿ ಒಂದು ನರ ಬಿಡಿಸಿ, ಕೀಲು ಕೂರಿಸಿ, ಎದೆ ಕೆಳಗಿಂದ ಪಾದದವರೆಗೆ ಪಿಓಪಿ ಹಾಕಿದರು. ಆರು ವಾರಕ್ಕೆ ಬದಲಾಯಿಸಿದರು. ಒಟ್ಟು ಮೂರು ತಿಂಗಳು. ಆ ಮೂರು ತಿಂಗಳು ಹೇಗೆ ಕಳೆದೆವೋ ದೇವರೇ ಬಲ್ಲ. ಬಿಚ್ಚಿದ ಮೇಲೆ ಪಟ್ಟಿ ಹಾಕಿಸಿದರು, ಆಮೇಲೆ ಚೆನ್ನಾಗಿ ನಡೆದಳು. ಗುಣ ಆಯ್ತು ಅಂತ ಮನೆದೇವರಿಗೆ ಹೋಗಿ ಬಂದೆವು.

ನಾನು: ಅವರು ಬಿಡಿಸಿದ್ದು ನರ ಅಲ್ಲ. ತೊಡೆಯನ್ನು ಒಳಕ್ಕೆ ಎಳೆಯುವ ಸ್ನಾಯುವಿನ ತುದಿ, ಹುರಿಯಂಥದ್ದು. ಅದನ್ನು ಬಿಡಿಸುವುದು ಗುಂಡಿನ ಮೇಲಿನ ಒತ್ತಡ ಕಡಿಮೆ ಮಾಡಲಿಕ್ಕೇ. ಅಂದರೆ ಅವರಿಗೆ ರಕ್ತದ ಯೋಚನೆ ಇತ್ತು ಅಂತಾಯಿತು. ಅದನ್ನು ಮನಸ್ಸಿನಲ್ಲಿಟ್ಟುಕೊ.

ಅವಳು: ಯೋಚನೆ ಇದ್ದರೆ ಹೀಗೆ ಯಾಕಾಯಿತು? ನಮ್ಮತ್ತೆ, ನಾನು ಬಸುರಿಯಲ್ಲಿ ಗ್ರಹಣದ ದಿನ ಹೊರಗೆ ಬಂದಿದ್ದೆ ಅಂತಾರೆ. ನಮ್ಮಮ್ಮ, ಡಾಕ್ಟರೇ ಕೆಡಿಸಿದರು ಅಂತಾರೆ. ಯಾರ ಮಾತು ನಂಬಲಿ?

ನಾನು: ಗ್ರಹಣದ ಮಾತು ಇವತ್ತಿಗೇ ಬಿಟ್ಟುಬಿಡು. ಮಗು ಹೊಟ್ಟೆಯಲ್ಲಿ ಕುಂಡೆ ಕೆಳಗಾಗಿ ಕೂತಿತ್ತು, ಹೆಣ್ಣುಮಗು, ಚೊಚ್ಚಲು, ಎಡಗಡೆ. ಈ ನಾಲ್ಕೂ ಪ್ರಪಂಚದ ಎಲ್ಲಾ ಕಡೆ ಸೊಂಟದ ಕೀಲು ಜಾರುವ ಮಕ್ಕಳಲ್ಲಿ ಹೆಚ್ಚಾಗಿ ಕಾಣುವಂಥವು. ಸಾವಿರಕ್ಕೆ ಒಂದೆರಡು ಮಕ್ಕಳಿಗೆ ಹೀಗೆ ಆಗುತ್ತೆ. ನೀನು ಏನೂ ಮಾಡಿಲ್ಲ.

ಡಾಕ್ಟರ ವಿಷಯಕ್ಕೆ ಬಂದರೆ ಉತ್ತರ ಅಷ್ಟು ಸಲೀಸಲ್ಲ. ಒಂದು ಸತ್ಯ ಮುಚ್ಚಿಡದೆ ಹೇಳಬೇಕು. ಚಿಕಿತ್ಸೆ ಮಾಡದೆ ಬಿಟ್ಟ ಜಾರಿದ ಕೀಲಿನಲ್ಲಿ ಈ ತೊಂದರೆ ಕಾಣುವುದಿಲ್ಲ. ಚಿಕಿತ್ಸೆಯ ಜೊತೆಗೇ ಬರುವಂಥದ್ದು ಇದು. ಜಾರದೇ ಇದ್ದ, ಸರಿಯಾಗಿದ್ದ ಇನ್ನೊಂದು ಕಡೆಯ ಕೀಲನ್ನೂ ಪಿಓಪಿಯಲ್ಲಿ ಅತಿಯಾಗಿ ಅಗಲಿಸಿ ಹಿಡಿದಾಗ ಅದರ ಗುಂಡೂ ಒಣಗಿದ್ದುಂಟು.

ಅವಳು: ಅಂದರೆ ಅಮ್ಮ ಹೇಳಿದ್ದೇ ನಿಜ!

ನಾನು: ತಾಳು. ರಕ್ತ ಹೇಗೆ ಹೋಗುತ್ತೆ ಅಂತ ಗೊತ್ತಾದರೆ ನೀನೇ ತೀರ್ಮಾನ ಮಾಡಬಲ್ಲೆ. ನಿಮ್ಮ ಮಾವನವರ ತೋಟದಲ್ಲಿ ಗದ್ದೆಯ ನೀರು ಬದು ದಾಟಿ ಆಚೆಗೆ ಹೋಗುತ್ತಾ? ಹೋಗಲ್ಲ. ಮಗುವಿನ ಗುಂಡಿಗೂ ಅದರ ಕುತ್ತಿಗೆಗೂ ನಡುವೆ ಅಂಥದೇ ಬದು ಇದೆ. ಗ್ರೋತ್ ಪ್ಲೇಟ್ ಅಂತಾರೆ, ಮೂಳೆ ಉದ್ದ ಬೆಳೆಯುವುದೇ ಅಲ್ಲಿಂದ. ಕುತ್ತಿಗೆಯೊಳಗಿನ ರಕ್ತ ಆ ಬದುವನ್ನು ದಾಟಿ ಗುಂಡಿಗೆ ಬರಲಾರದು. ಹಾಗಾಗಿ ಹೊರಗಿನಿಂದ, ಕುತ್ತಿಗೆಯ ಹಿಂಭಾಗ ಸುತ್ತಿಕೊಂಡು ಬರುವ ಒಂದು ರಕ್ತನಾಳದ ಸಣ್ಣ ಕವಲುಗಳು ಕೀಲಿನ ಪೊರೆಗೆ ಅಂಟಿಕೊಂಡೇ ಮೇಲೆ ಹತ್ತಿ ಗುಂಡಿಗೆ ನೀರುಣಿಸುತ್ತವೆ. ಬೇರೆ ದಾರಿ ಇಲ್ಲ ಅಂತಲೇ ಇಟ್ಟುಕೊ. ಬಟ್ಟಲಿನ ತಳದಿಂದ ಬರುವ ಇನ್ನೊಂದು ಎಳೆ ಇದೆ, ಅದರಿಂದ ಸಿಗುವುದು ಅಲ್ಪ.

ಈಗ ಕಾಲುಗಳನ್ನು ಕಪ್ಪೆಯ ಹಾಗೆ ಪೂರ್ತಿ ಅಗಲಿಸು. ಕೀಲು ಗಟ್ಟಿಯಾಗಿ ಕೂರುತ್ತೆ, ಜಾರಲ್ಲ. ಆದರೆ ಹಿಂದಿನಿಂದ ಬರುವ ಆ ನಾಳ ಎಲುಬಿಗೂ ಬಿಗಿದ ಸ್ನಾಯುವಿಗೂ ನಡುವೆ ಸಿಕ್ಕಿಕೊಳ್ಳುತ್ತೆ, ಮೃದುವಾದ ಗುಂಡು ಬಟ್ಟಲಿನ ಗೋಡೆಗೆ ಒತ್ತಿಕೊಳ್ಳುತ್ತೆ. ತೋಟದ ಪೈಪಿನ ಮೇಲೆ ಕಲ್ಲು ಬಿದ್ದ ಹಾಗೆ. ಪೈಪು ಒಡೆದಿರಲ್ಲ, ನೀರು ಮಾತ್ರ ಬರಲ್ಲ. ಕಮ್ಮಿ ಅಗಲಿಸಿದರೆ ರಕ್ತ ಓಡುತ್ತೆ, ಕೀಲು ಮತ್ತೆ ಜಾರುತ್ತೆ. ಈ ಎರಡರ ನಡುವೆ ಎಷ್ಟು ಜಾಗ ಇದೆ ಅಂತ ಅರಿವಳಿಕೆ ಕೊಟ್ಟ ಮಗುವಿನ ಕಾಲು ಹಿಡಿದು, ಆ ಕ್ಷಣದಲ್ಲಿ, ಕೈಯಲ್ಲೇ ತಿಳಿಯಬೇಕು. ಕೆಲವು ಮಕ್ಕಳಲ್ಲಿ ಆ ಜಾಗ ತೀರಾ ಕಿರಿದು. ಅಷ್ಟು ಕಿರಿದಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಪಿಓಪಿಯ ಆಸೆ ಬಿಟ್ಟು, ಕೀಲು ತೆರೆದೇ ಕೂರಿಸಬೇಕಾಗುತ್ತೆ.

ಅವಳು: ಇದೆಲ್ಲ ಮೊದಲಿಂದಲೂ ಗೊತ್ತಿತ್ತಾ ನಿಮ್ಮ ಡಾಕ್ಟರುಗಳಿಗೆ?

ನಾನು: ಇಲ್ಲ. ಮಕ್ಕಳ ಮೂಳೆಗಳೇ ಕಲಿಸಿದ್ದು. ವಿಯೆನ್ನಾದಲ್ಲಿ ಅಡಾಲ್ಫ್ ಲೊರೆಂಟ್ಸ್ ಅನ್ನುವ ವೈದ್ಯರಿದ್ದರು. ಆಪರೇಷನ್ನಿಗೆ ಬಳಸುತ್ತಿದ್ದ ಕಾರ್ಬಾಲಿಕ್ ಆಮ್ಲ ಅವರ ಚರ್ಮಕ್ಕೆ ಒಗ್ಗದೆ, ಚಾಕು ಬಿಟ್ಟು ಕೈಯಿಂದಲೇ ಕೀಲು ಕೂರಿಸುವ ದಾರಿ ಹಿಡಿದರು. ರಕ್ತ ಸುರಿಸದ ಚಿಕಿತ್ಸೆ ಅಂತ ಅದು ಲೋಕಪ್ರಸಿದ್ಧವಾಯಿತು. 1902ರಲ್ಲಿ ಷಿಕಾಗೋದ ಆರ್ಮರ್ ಅನ್ನುವ ದೊಡ್ಡ ಶ್ರೀಮಂತರು ತಮ್ಮ ಮಗಳು ಲೊಲಿಟಾಗಾಗಿ ಅವರನ್ನು ಹಡಗಿನಲ್ಲಿ ಕರೆಸಿಕೊಂಡರು. ಆ ಪ್ರವಾಸದಲ್ಲಿ ಅವರು ಬಡವರ ಮಕ್ಕಳಿಗೂ ಪುಕ್ಕಟೆ ಚಿಕಿತ್ಸೆ ಮಾಡಿದರು, ಅದನ್ನು ಮರೆಯಬಾರದು. ಕೂರಿಸಿದ ಕೀಲು ಮತ್ತೆ ಜಾರದಿರಲಿ ಅಂತ ಅವರು ಕಾಲನ್ನು ತೊಂಬತ್ತು ಡಿಗ್ರಿ ಮಡಿಸಿ, ತೊಂಬತ್ತು ಡಿಗ್ರಿ ಅಗಲಿಸಿ ತಿಂಗಳುಗಟ್ಟಲೆ ಪ್ಲಾಸ್ಟರಿನಲ್ಲಿ ಇಡುತ್ತಿದ್ದರು. ಕಪ್ಪೆ ಭಂಗಿ ಅಂತ ಅದಕ್ಕೆ ಹೆಸರೇ ಬಂತು. ಹೊರಗೆ ಒಂದು ಹನಿ ರಕ್ತ ಬೀಳುತ್ತಿರಲಿಲ್ಲ, ನಿಜ. ಒಳಗೆ ಗುಂಡಿಗೆ ಹೋಗಬೇಕಾದ ರಕ್ತವೂ ಎಷ್ಟೋ ಮಕ್ಕಳಲ್ಲಿ ನಿಂತುಹೋಗುತ್ತಿತ್ತು. ಅದು ಎದ್ದು ಕಂಡದ್ದು ಆ ಮಕ್ಕಳು ಬೆಳೆದ ಮೇಲೆ, ಚಪ್ಪಟೆಯಾದ ಗುಂಡು, ಗಿಡ್ಡ ಕುತ್ತಿಗೆ ಎಕ್ಸ್-ರೇಯಲ್ಲಿ ಕಂಡಾಗ.

ಅದನ್ನು ನೋಡಿ ನೊಂದು ಬೇರೆ ದಾರಿ ಹುಡುಕಿದವರು ಚೆಕ್ ದೇಶದ ಅರ್ನಾಲ್ಡ್ ಪಾವ್ಲಿಕ್. ಬಿಗಿದು ಹಿಡಿಯುವುದೇ ತಪ್ಪು, ಮಗು ತಾನೇ ಕಾಲಾಡಿಸುತ್ತಾ ಕೀಲನ್ನು ಕೂರಿಸಿಕೊಳ್ಳಲಿ ಅಂದರು. 1940ರ ದಶಕದಲ್ಲಿ ಅವರು ಹೊಲಿಸಿದ ಪಟ್ಟಿಗಳ ಅಂಗಿಯಂಥ ಸಾಧನ ಇವತ್ತಿಗೂ ಆರು ತಿಂಗಳೊಳಗಿನ ಮಕ್ಕಳಿಗೆ ಮೊದಲ ಚಿಕಿತ್ಸೆ. ಮೊಣಕಾಲು ಮಡಿಸಿ ಹಿಡಿಯುತ್ತೆ, ಒದೆಯಲು ಬಿಡುತ್ತೆ. ಆಮೇಲೆ ಟೊರಾಂಟೋದ ರಾಬರ್ಟ್ ಸಾಲ್ಟರ್ ಮತ್ತು ಜೊತೆಯವರು ಪ್ರಯೋಗಗಳನ್ನೂ ಮಾಡಿ, ಚಿಕಿತ್ಸೆಯಾದ ಮಕ್ಕಳ ಎಕ್ಸ್-ರೇಗಳನ್ನೂ ನೋಡಿ, ಬಲವಂತವಾಗಿ ಅಗಲಿಸಿ ಕಟ್ಟುವುದೇ ಇದರ ಮೂಲ ಅಂತ 1969ರಲ್ಲಿ ಬರೆದರು. ಹೆಚ್ಚು ಮಡಿಸಿ, ಮಿತವಾಗಿ ಅಗಲಿಸುವ ಭಂಗಿಯನ್ನು ಹೇಳಿಕೊಟ್ಟರು. ನೀನು ಇವಳನ್ನು ಕಂಕುಳಲ್ಲಿ ಕೂರಿಸಿಕೊಂಡು ಬಂದೆಯಲ್ಲ, ಹೆಚ್ಚುಕಡಿಮೆ ಹಾಗೆ. ಎಕ್ಸ್-ರೇಯಲ್ಲಿ ಇದನ್ನು ಗುರುತಿಸುವ ಲಕ್ಷಣಗಳನ್ನು ಪಟ್ಟಿ ಮಾಡಿದವರೂ ಅವರೇ. ಕೀಲು ಕೂತು ವರ್ಷವಾದರೂ ಮೂಳೆಯ ಚುಕ್ಕೆ ಹುಟ್ಟದಿರುವುದು, ಇದ್ದದ್ದು ವರ್ಷವಾದರೂ ಬೆಳೆಯದಿರುವುದು, ಕುತ್ತಿಗೆ ಅಗಲವಾಗುವುದು, ಗುಂಡು ಚೂರಾಗಿ ಕಾಣುವುದು. ನಿನ್ನ ಕವರಿನಲ್ಲಿರುವುದೂ ಇದೇ.

ಅವಳು: ಇವಳ ಪಿಓಪಿ ಕಪ್ಪೆಯ ಹಾಗಿತ್ತಾ ಚಿಕ್ಕಪ್ಪ? ಫೋಟೋ ಇದೆ ನೋಡಿ.

ನಾನು: ... ಇಲ್ಲ. ಕಾಲು ಚೆನ್ನಾಗಿ ಮಡಿಸಿದೆ, ಅಗಲ ಹಿತವಾಗಿದೆ. ನಾನಾಗಿದ್ದರೂ ಹೀಗೇ ಹಾಕುತ್ತಿದ್ದೆ. ಅಮ್ಮನಿಗೆ ಹೇಳು, ಡಾಕ್ಟರು ಕೆಡಿಸಿಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವು ಮಕ್ಕಳಲ್ಲಿ ಇದು ಆಗುತ್ತೆ. ಎಷ್ಟು ಮಕ್ಕಳಲ್ಲಿ ಅಂತ ಕೇಳಿದರೆ ಕೆಲವು ವರದಿಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ, ಕೆಲವು ವರದಿಗಳಲ್ಲಿ ನಲವತ್ತಕ್ಕೂ ಹೆಚ್ಚು. ಸಣ್ಣ ಬದಲಾವಣೆಯನ್ನೂ ಲೆಕ್ಕಕ್ಕೆ ಹಿಡಿಯುವವರ ಅಂಕಿ ದೊಡ್ಡದಾಗುತ್ತೆ, ಎಷ್ಟು ವರ್ಷ ಕಾದು ನೋಡಿದರು ಅನ್ನುವುದರ ಮೇಲೂ ಅದು ಹೋಗುತ್ತೆ. ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ಈಗ ಪಿಓಪಿ ಹಾಕಿದ ಕೂಡಲೇ ಎಂಆರ್‌ಐ ಮಾಡಿ ಗುಂಡಿಗೆ ರಕ್ತ ಹೋಗುತ್ತಿದೆಯಾ ಅಂತ ನೋಡುತ್ತಾರೆ. ಹೋಗುತ್ತಿಲ್ಲ ಅಂದರೆ ಪಿಓಪಿ ಬಿಚ್ಚಿ, ಅಗಲ ಕಡಿಮೆ ಮಾಡಿ ಮತ್ತೆ ಹಾಕಬಹುದು. ನಮ್ಮ ಕಾಲದಲ್ಲಿ ಆ ಕಣ್ಣು ಇರಲಿಲ್ಲ.

ಅವಳು: ಏನೂ ಮಾಡಿಸದೆ ಸುಮ್ಮನಿದ್ದಿದ್ದರೆ ಮೂಳೆ ಉಳೀತಿತ್ತಲ್ಲ ಅಂತ ಅನ್ನಿಸುತ್ತೆ ಒಂದೊಂದು ಸಲ.

ನಾನು: ಗುಂಡು ಉಳೀತಿತ್ತು, ಕೀಲು ಉಳೀತಿರಲಿಲ್ಲ. ಜಾರಿದ ಗುಂಡು ಬಟ್ಟಲಿನ ಹೊರಗೇ ಮೇಲಕ್ಕೆ ಹೋಗುತ್ತಿತ್ತು, ಖಾಲಿ ಬಟ್ಟಲು ಆಳವಾಗದೆ ಚಪ್ಪಟೆಯಾಗುತ್ತಿತ್ತು. ಕಾಲು ಗಿಡ್ಡ, ಜೀವಮಾನವಿಡೀ ವಾಲು ನಡಿಗೆ, ವಯಸ್ಸಿಗೆ ಬಂದ ಮೇಲೆ ಸೊಂಟನೋವು, ಮೊಣಕಾಲು ನೋವು. ನಮ್ಮ ಹಳ್ಳಿಗಳಲ್ಲಿ ಹಾಗೆ ನಡೆಯುವ ಹೆಂಗಸರನ್ನು ನೀನೂ ನೋಡಿದ್ದೀಯ. ಪೋಲಿಯೋ ಅಂದುಕೊಂಡು ಸುಮ್ಮನಾಗುತ್ತಿದ್ದೆವು, ಎಲ್ಲರದೂ ಪೋಲಿಯೋ ಅಲ್ಲ. ನೀನು ಮಾಡಿಸಿದ್ದು ಸರಿ. ಅದರ ಬಗ್ಗೆ ಅನುಮಾನ ಬೇಡ.

ಅವಳು: ಆಗಲೇ ಅಂದಿರಲ್ಲ, ಕಷ್ಟದ್ದು ಇನ್ನರ್ಧ ಅಂತ. ಅದನ್ನು ಹೇಳಿ.

ನಾನು: ಹೇಳುತ್ತೇನೆ. ರಕ್ತ ನಿಂತದ್ದರಿಂದ ಬರೀ ಆ ಚುಕ್ಕೆಗೆ ಪೆಟ್ಟು ಬಿದ್ದಿದ್ದರೆ ಹೊಸ ಮೂಳೆ ಕಟ್ಟಿಕೊಂಡು ಗುಂಡು ಹೆಚ್ಚುಕಡಿಮೆ ಸರಿಯಾಗಿಯೇ ಬೆಳೆಯುತ್ತೆ. ಎಷ್ಟೋ ಮಕ್ಕಳಿಗೆ ಹಾಗೇ ಆಗುತ್ತೆ. ಪೆಟ್ಟು ಕೆಳಗಿನ ಬದುವಿಗೂ, ಅಂದರೆ ಗ್ರೋತ್ ಪ್ಲೇಟಿಗೂ ತಗುಲಿದ್ದರೆ ಕಥೆ ಬೇರೆ. 1980ರಲ್ಲಿ ಕಲಾಂಚಿ ಮತ್ತು ಮೆಕ್‌ಯುವೆನ್ ಅನ್ನುವವರು ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಎಲ್ಲಾ ಬೇಡ, ಎರಡನೆಯದೊಂದು ತಿಳಿದುಕೊ. ಬದುವಿನ ಹೊರಗಡೆಯ ಅಂಚು ಮಾತ್ರ ಕೆಟ್ಟಿರುತ್ತೆ. ಒಳಗಡೆ ಬೆಳೆಯುತ್ತೆ, ಹೊರಗಡೆ ಬೆಳೆಯಲ್ಲ. ವರ್ಷವರ್ಷಕ್ಕೆ ಗುಂಡು ನಿಧಾನವಾಗಿ ಹೊರಕ್ಕೆ ವಾಲುತ್ತೆ, ಬಟ್ಟಲಿನ ಆಸರೆ ತಪ್ಪುತ್ತೆ. ಮೂರು ವರ್ಷದ ಎಕ್ಸ್-ರೇಯಲ್ಲಿ ಇದು ಕಾಣದೆ ಹೋಗಬಹುದು. ಎಂಟು, ಒಂಬತ್ತು, ಹತ್ತನೆಯ ವರ್ಷಕ್ಕೆ ಎದ್ದು ಕಾಣಬಹುದು. ಅಲ್ಲಿಯವರೆಗೆ ಮಗು ಓಡುತ್ತೆ, ಕುಂಟೆಬಿಲ್ಲೆ ಆಡುತ್ತೆ. ನೋವು ಇರಲ್ಲ. ಹೊರಗೆ ಏನೂ ಗೊತ್ತಾಗಲ್ಲ.

ಬದು ಪೂರ್ತಿ ಕೆಟ್ಟಿದ್ದರೆ ಕುತ್ತಿಗೆ ಗಿಡ್ಡವಾಗುತ್ತೆ, ಕಾಲು ಗಿಡ್ಡವಾಗುತ್ತೆ. ತೊಡೆಯ ಪಕ್ಕದಲ್ಲಿ ಕೈಗೆ ಸಿಗುತ್ತಲ್ಲ ಆ ಗಂಟಿನಂಥ ಮೂಳೆ, ಅದಕ್ಕೆ ಬೇರೆ ಬೆಳವಣಿಗೆ ಇದೆ. ಅದು ತನ್ನ ಪಾಡಿಗೆ ಮೇಲೆ ಬೆಳೆದು ಗುಂಡಿಗಿಂತ ಎತ್ತರವಾಗುತ್ತೆ. ಸೊಂಟವನ್ನು ಹಿಡಿದಿಡುವ ಸ್ನಾಯು ಸಡಿಲಾಗಿ ನಡಿಗೆ ಮತ್ತೆ ವಾಲುತ್ತೆ. ಆಮೇಲೆ ಮೂವತ್ತು, ನಲವತ್ತನೆಯ ವಯಸ್ಸಿಗೇ ಕೀಲು ಸವೆದು, ಬದಲಿ ಕೀಲು ಹಾಕಿಸಬೇಕಾಗಿ ಬರಬಹುದು.

ಅವಳು: ಇವಳದು ಯಾವುದು?

ನಾನು: ಈ ಎಕ್ಸ್-ರೇ ನೋಡಿ ಯಾರೂ ಹೇಳಲಾರರು. ಹೇಳಿದರೆ ನಂಬಬೇಡ. ಬೆಳೆಯುತ್ತಾ ಬಂದ ಹಾಗೆ ಮೂಳೆಯೇ ಹೇಳುತ್ತೆ.

ಅವಳು: ಹಾಗಾದರೆ ಸುಮ್ಮನೆ ಕಾಯುವುದಾ? ಕ್ಯಾಲ್ಸಿಯಂ ಟಾನಿಕ್ ಕೊಡುತ್ತಿದ್ದೇನೆ. ಊರಲ್ಲಿ ಒಬ್ಬರು ನಾಟಿ ವೈದ್ಯರು ಎಣ್ಣೆ ಹಚ್ಚಿ ಎಳೆದು ಕಟ್ಟು ಹಾಕಿದರೆ ರಕ್ತ ಓಡುತ್ತೆ ಅಂತಾರೆ.

ನಾನು: ಟಾನಿಕ್ಕಿನಿಂದ ಸತ್ತ ಮೂಳೆ ಎದ್ದು ಬರಲ್ಲ. ಹಾಲು, ರಾಗಿ, ಬಿಸಿಲು ಎಲ್ಲಾ ಮಕ್ಕಳಿಗೂ ಬೇಕಾದಷ್ಟೇ ಇವಳಿಗೂ ಸಾಕು. ಎಳೆದು ಕಟ್ಟುವುದು ಮಾತ್ರ ಬೇಡವೇ ಬೇಡ. ಈ ಕೀಲನ್ನು ಇನ್ನೊಂದು ಸಲ ಬಲವಂತ ಮಾಡಬಾರದು. ಆಟ ಆಡಲಿ, ಓಡಲಿ, ಯಾವುದಕ್ಕೂ ತಡೆ ಬೇಡ, ನಿಮ್ಮ ಡಾಕ್ಟರು ಬೇರೆ ಹೇಳದಿದ್ದರೆ.

ಕಾಯುವುದು ಅಂದರೆ ಕೈಕಟ್ಟಿ ಕೂರುವುದಲ್ಲ. ಬಟ್ಟಲು ಆಳವಾಗುತ್ತಿದೆಯಾ ಅಂತ ನೋಡಬೇಕು. ನಾಲ್ಕೈದು ವರ್ಷದ ಹೊತ್ತಿಗೂ ಆಳವಾಗದಿದ್ದರೆ ಮೇಲಿನ ಮೂಳೆಯನ್ನು ಕತ್ತರಿಸಿ ಬಾಗಿಸಿ ಗುಂಡಿಗೆ ಸೂರು ಕಟ್ಟುವ ಆಪರೇಷನ್ ಇದೆ, ಅದಕ್ಕೂ ಸಾಲ್ಟರ್ ಅವರ ಹೆಸರೇ ಇದೆ. ಗುಂಡು ವಾಲಲು ಶುರುಮಾಡಿದರೆ ಬೆಳೆಯುತ್ತಿರುವ ಕಡೆ ಒಂದು ಸ್ಕ್ರೂ ಹಾಕಿ ಆ ಬದಿಯನ್ನು ನಿಧಾನ ಮಾಡಿ, ವಾಲುವುದನ್ನು ತಡೆಯಬಹುದು. ಪಕ್ಕದ ಗಂಟು ಮೇಲೇರುತ್ತಿದ್ದರೆ ಅದರ ಬೆಳವಣಿಗೆ ನಿಲ್ಲಿಸಬಹುದು. ಕಾಲು ಗಿಡ್ಡವಾಗುತ್ತಿದ್ದರೆ ಇನ್ನೊಂದು ಕಾಲಿನ ಮೊಣಕಾಲಿನ ಹತ್ತಿರ ಬೆಳವಣಿಗೆಯನ್ನು ಹೊತ್ತು ನೋಡಿ ನಿಲ್ಲಿಸಿ ಸಮ ಮಾಡಬಹುದು. ಇವುಗಳಲ್ಲಿ ಮುಕ್ಕಾಲು ಪಾಲು ಮೂಳೆ ಇನ್ನೂ ಬೆಳೆಯುತ್ತಿರುವಾಗ ಮಾತ್ರ ಆಗುವಂಥವು. ಬೆಳವಣಿಗೆ ಮುಗಿದ ಮೇಲೆ ಬಂದರೆ ಉಳಿಯುವುದು ದೊಡ್ಡ ಆಪರೇಷನ್ನುಗಳೇ.

ಅವಳು: ಪಿಓಪಿ ಹಾಕುವ ದಿನ ಇದನ್ನೆಲ್ಲ ಯಾರೂ ಹೇಳಲಿಲ್ಲ ಚಿಕ್ಕಪ್ಪ. ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಇಂಗ್ಲಿಷಿನಲ್ಲಿತ್ತು. ಹೇಳಿದ್ದರೆ ನಾನು ಬೇಡ ಅನ್ನುತ್ತಿರಲಿಲ್ಲ. ಮೊನ್ನೆ ಎದೆ ಒಡೆಯುತ್ತಿರಲಿಲ್ಲ, ಅಷ್ಟೇ.

ನಾನು: ಈ ಮಾತಿಗೆ ನನ್ನಲ್ಲಿ ಸಮಜಾಯಿಷಿ ಇಲ್ಲ. ನಾನೂ ಹೇಳುತ್ತಿರಲಿಲ್ಲ. ನಿನಗೆ ಒಂದು ವಿಷಯ ಹೇಳುತ್ತೇನೆ, ಮನೆಯಲ್ಲೂ ಹೇಳಿದವನಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಎರಡು ವರ್ಷದ ಒಂದು ಹುಡುಗಿಯ ಕೀಲು ಕೂರಿಸಿದೆ. ಮಿತವಾಗಿ ಅಗಲಿಸಿದರೆ ಜಾರುತ್ತಿತ್ತು, ಇನ್ನಷ್ಟು ಅಗಲಿಸಿದೆ, ಗಟ್ಟಿಯಾಗಿ ಕೂತಿತು. ಕೂತಿತಲ್ಲ ಅನ್ನುವ ಸಂತೋಷದಲ್ಲಿ ಹಾಗೆಯೇ ಪ್ಲಾಸ್ಟರ್ ಹಾಕಿದೆ. ತೆರೆದು ಕೂರಿಸಿ, ತೊಡೆಮೂಳೆಯನ್ನು ಒಂದಿಷ್ಟು ಕತ್ತರಿಸಿ ಗಿಡ್ಡ ಮಾಡಿ, ಗುಂಡಿನ ಮೇಲಿನ ಒತ್ತಡ ಇಳಿಸಬೇಕಾಗಿದ್ದ ಮಗು ಅದು. ದೊಡ್ಡ ಮಕ್ಕಳಲ್ಲಿ ಗುಂಡು ಉಳಿಸಲಿಕ್ಕೆ ಹಾಗೆ ಮಾಡುತ್ತಾರೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಹುಡುಗಿ ನಡೆದಳು. ಅವಳ ಅಪ್ಪ ಕೂಲಿ ಬಿಟ್ಟು ಬರಬೇಕಿತ್ತು, ಬಸ್ಸಿನ ಖರ್ಚು ಬೇರೆ. ವಾಸಿಯಾಗಿದೆ, ಇನ್ನು ಬರುವುದು ಬೇಡ ಅಂದೆ. ಉಪಕಾರ ಮಾಡಿದೆ ಅಂದುಕೊಂಡೆ.

ಹನ್ನೆರಡನೆಯ ವರ್ಷಕ್ಕೆ ಅಪ್ಪ ಮಗಳು ವಾಪಸ್ಸು ಬಂದರು. ಕಾಲು ಎರಡು ಬೆರಳು ಗಿಡ್ಡ, ಕುತ್ತಿಗೆ ಇಲ್ಲವೇ ಇಲ್ಲ ಅನ್ನುವಷ್ಟು, ಗುಂಡು ಚಪ್ಪಟೆ. ಆ ಮನುಷ್ಯ ಜಗಳ ಆಡಲಿಲ್ಲ. ‘ವಾಸಿಯಾಯ್ತು ಅಂದಿದ್ದಿರಿ ಸ್ವಾಮಿ’ ಅಂದ, ಅಷ್ಟೇ. ಅಲ್ಲಿಂದಾಚೆ ಕೀಲು ಕೂರಿಸಿದ ಯಾವ ಮಗುವಿನ ಚೀಟಿಯಲ್ಲೂ ನಾನು ವಾಸಿ ಅನ್ನುವ ಪದ ಬರೆಯಲಿಲ್ಲ. ಮುಂದಿನ ಎಕ್ಸ್-ರೇ ಯಾವ ತಿಂಗಳು ಅಂತ ಬರೆದೆ.

ಅವಳು: ... ನೀರು ತರಲಾ ಚಿಕ್ಕಪ್ಪ?

ನಾನು: ಬೇಡಮ್ಮ, ಕೂತುಕೊ. ಇನ್ನೊಂದು ಮಾತಿದೆ. ಇವಳಿಗೆ ಮುಂದೆ ತಂಗಿಯೋ ತಮ್ಮನೋ ಹುಟ್ಟಿದರೆ, ಅಕ್ಕನಿಗಿತ್ತು ಅಂತಲೇ ಆ ಮಗುವಿನ ಸೊಂಟ ನೋಡಿಸಬೇಕು. ಹುಟ್ಟಿದ ಮಗುವಿನ ತೊಡೆ ಬಿಡಿಸಿ ನೋಡುವುದಕ್ಕೆ ಎರಡು ನಿಮಿಷ ಸಾಕು. ಇಟಲಿಯ ಫೆರಾರಾದಲ್ಲಿ ಓರ್ಟೊಲಾನಿ ಅನ್ನುವ ಮಕ್ಕಳ ವೈದ್ಯರು 1930ರ ದಶಕದಲ್ಲಿ ಈ ಪರೀಕ್ಷೆ ಕಂಡುಕೊಂಡರು. ಅವರಿಗೂ ಮೊದಲು ಅದನ್ನು ಕಂಡವಳು ಒಬ್ಬ ತಾಯಿ. ಮಗುವಿನ ಕುಂಡೆ ತೊಳೆಯುವಾಗ ಸೊಂಟದಲ್ಲಿ ಟಕ್ ಅನ್ನುತ್ತೆ ಅಂತ ಅವರಿಗೆ ಬಂದು ಹೇಳಿದಳು. ಅವರು ಅವಳ ಮಾತಿಗೆ ಕಿವಿಗೊಟ್ಟರು, ಅದು ದೊಡ್ಡದು.

ಅವಳು: ನಾವು ನೀರೆರೆಯುವ ಅಜ್ಜಿ ಹೇಳಿದ್ದಕ್ಕೆ ಕಿವಿಗೊಡಲಿಲ್ಲ.

ನಾನು: ಆ ಅಜ್ಜಿಯ ಕೈಗೆ ಸರಿಯಾಗಿಯೇ ಗೊತ್ತಾಗಿತ್ತು. ಮೂರು ತಿಂಗಳು ದಾಟಿದ ಮಗುವಿನಲ್ಲಿ ತೊಡೆ ಬಿಗಿ ಬರುವುದೇ ಮುಖ್ಯ ಗುರುತು. ಅಂಥ ಅಜ್ಜಿಯರಿಗೂ ಆಶಾ ಕಾರ್ಯಕರ್ತೆಯರಿಗೂ ಹೇಳಿಕೊಟ್ಟರೆ ಎಷ್ಟೋ ಮಕ್ಕಳು ಪಿಓಪಿ ಇಲ್ಲದೆ, ಬರೀ ಪಾವ್ಲಿಕ್ ಪಟ್ಟಿಯಲ್ಲೇ ಸರಿಹೋಗುತ್ತಾರೆ. ಪಟ್ಟಿಯಲ್ಲೂ ಈ ಎವಿಎನ್ ಬರಬಹುದು, ಅತಿಯಾಗಿ ಎಳೆದು ಕಟ್ಟಿದರೆ. ಆದರೆ ತುಂಬಾ ಕಡಿಮೆ. ಆಸ್ಟ್ರಿಯಾದಲ್ಲಿ 1992ರಿಂದ, ಜರ್ಮನಿಯಲ್ಲಿ 1996ರಿಂದ ಹುಟ್ಟಿದ ಎಲ್ಲಾ ಮಕ್ಕಳ ಸೊಂಟಕ್ಕೂ ಸ್ಕ್ಯಾನ್ ಮಾಡುತ್ತಾರೆ. ನಮ್ಮಲ್ಲಿ ಎಲ್ಲರಿಗೂ ಆಗದಿದ್ದರೂ ಕುಂಡೆ ಕೆಳಗಾಗಿದ್ದ ಮಕ್ಕಳಿಗೆ, ಮನೆಯಲ್ಲಿ ಮೊದಲೇ ಒಬ್ಬರಿಗೆ ಇದ್ದವರ ಮಕ್ಕಳಿಗೆ, ಆರನೆಯ ವಾರಕ್ಕೆ ಒಂದು ಸ್ಕ್ಯಾನ್ ಆಗಲೇಬೇಕು. ಇವಳಿಗೆ ಆಗಬೇಕಿತ್ತು. ಆಗಲಿಲ್ಲ. ಅದು ನನ್ನ ನಿಜವಾದ ಸಿಟ್ಟು.

ಅವಳು: ಬಟ್ಟೆ ಸುತ್ತಿದ್ದು ತಪ್ಪಾಯಿತಾ?

ನಾನು: ಕಾಲು ನೀಟಾಗಿ ಚಾಚಿ ಬಿಗಿಯಾಗಿ ಸುತ್ತುವುದು ಒಳ್ಳೆಯದಲ್ಲ. ಜಪಾನಿನಲ್ಲಿ 1970ರ ದಶಕದಲ್ಲಿ ಅಜ್ಜಿಯರಿಗೆ, ತಾಯಂದಿರಿಗೆ ಇದನ್ನೇ ಹೇಳಿಕೊಟ್ಟರು, ಕಾಲು ಚಾಚಿ ಕಟ್ಟಬೇಡಿ ಅಂತ. ಕೀಲು ಜಾರುವ ಮಕ್ಕಳ ಸಂಖ್ಯೆ ಹಲವು ಪಾಲು ಇಳಿಯಿತು. ಎದೆ, ಕೈ ಸುತ್ತಿ ಬೆಚ್ಚಗಿಡಿ. ಮೊಣಕಾಲು ಮಡಿಸಿ ಒದೆಯಲು ಜಾಗ ಬಿಡಿ. ಕತ್ತು ನಿಂತ ಮೇಲೆ ಕಂಕುಳಲ್ಲಿ ಕಾಲು ಅಗಲಿಸಿ ಎತ್ತಿಕೊಳ್ಳುವ ನಮ್ಮ ಹೆಂಗಸರ ರೂಢಿ ಕೀಲಿಗೆ ಹಿತ, ಅದನ್ನು ಬಿಡಬೇಡಿ. ಇವಳ ವಿಷಯದಲ್ಲಿ ಬಟ್ಟೆಗಿಂತ ಮೊದಲೇ, ಹೊಟ್ಟೆಯಲ್ಲಿ ಕೂತ ರೀತಿಯಲ್ಲೇ ಶುರುವಾಗಿತ್ತು. ಅಮ್ಮನ ಮೇಲೂ ಹಾಕಬೇಡ.

ಅವಳು: ಈಗ ಏನು ಮಾಡಲಿ, ಸರಳವಾಗಿ ಹೇಳಿ.

ನಾನು: ಇದೇ ಡಾಕ್ಟರ ಹತ್ತಿರ ಇರು, ಆಸ್ಪತ್ರೆ ಬದಲಾಯಿಸುತ್ತಾ ಹೋಗಬೇಡ. ಈ ಕವರಿನ ಒಂದು ಫಿಲ್ಮೂ ಕಳೆಯಬೇಡ, ಫೋನಿನಲ್ಲೂ ಫೋಟೋ ಇಟ್ಟುಕೊ. ಇದರ ಮುಂದೆ ಇದು, ಇದರ ಮುಂದೆ ಇದು ಅಂತ ಸಾಲಾಗಿ ನೋಡಿದಾಗಲೇ ಮೂಳೆ ಎತ್ತ ಹೋಗುತ್ತಿದೆ ಅಂತ ತಿಳಿಯುವುದು. ಈಗ ಆರು ತಿಂಗಳಿಗೊಮ್ಮೆ ಅಂದಿದ್ದಾರೆ, ಆಮೇಲೆ ವರ್ಷಕ್ಕೊಮ್ಮೆ ಅನ್ನಬಹುದು. ‘ಚೆನ್ನಾಗಿ ನಡೀತಾಳಲ್ಲ’ ಅಂತ ಯಾರು ಅಂದರೂ ಒಂದನ್ನೂ ತಪ್ಪಿಸಬೇಡ.

ಅವಳು: ಎಲ್ಲಿಯವರೆಗೆ?

ನಾನು: ಇವಳ ಮೂಳೆ ಬೆಳೆಯುವುದು ನಿಲ್ಲುವವರೆಗೆ. ಹೆಣ್ಣುಮಕ್ಕಳಿಗೆ ಹದಿನಾಲ್ಕು, ಹದಿನೈದು.

ಅವಳು ಬೆರಳು ಮಡಿಸಿ ಎಣಿಸಿದಳು. ಹನ್ನೆರಡು ವರ್ಷ. ಕವರಿನ ಮೇಲೆ ಮುಂದಿನ ತಾರೀಕು ಬರೆದುಕೊಂಡಳು. ಸಂಜೆ ಬಸ್‌ಸ್ಟ್ಯಾಂಡಿನವರೆಗೂ ಮಗು ನಮ್ಮಿಬ್ಬರ ಕೈ ಹಿಡಿದು ನಡೆದುಕೊಂಡೇ ಬಂತು.

ಇದನ್ನು ಓದುತ್ತಿರುವವರ ಮನೆಯಲ್ಲಿ, ಕೂಸಾಗಿದ್ದಾಗ ಸೊಂಟದ ಕೀಲು ಕೂರಿಸಿದ ಮಗು ಇದ್ದು, ನಡೆಯಿತು ಅಂತ ತೋರಿಸುವುದನ್ನು ನಿಲ್ಲಿಸಿದ್ದರೆ, ಹಳೆಯ ಎಕ್ಸ್-ರೇ ಹುಡುಕಿಕೊಂಡು ಈ ತಿಂಗಳೇ ಒಮ್ಮೆ ಹೋಗಿ ಬನ್ನಿ. ಮಗುವಿಗೆ ಈಗ ಐದಾಗಿರಲಿ, ಹತ್ತಾಗಿರಲಿ, ಹೋಗಿ ಬನ್ನಿ.